ಕರುಳಿನ ಮರೆಯ ಕಾಲುವೆ

ಹೊಟ್ಟೆಗೆ ಗುಂಡೇಟು ತಿಂದವನನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಿದಾಗ ವೈದ್ಯನ ಕಣ್ಣಿಗೆ ಮೊದಲು ಬೀಳುವುದು ರಕ್ತ. ಉದರವನ್ನು ತೆರೆದೊಡನೆ ಮಡುಗಟ್ಟಿ ನಿಂತ ನೆತ್ತರನ್ನು ಬಟ್ಟೆಯ ಮಡಿಕೆಗಳಿಂದ ಒತ್ತಿ ತೆಗೆಯಬೇಕು. ಯಾವ ರಕ್ತನಾಳ ಹರಿದಿದೆಯೆಂದು ಹುಡುಕಿ ಹಿಡಿಯಬೇಕು. ಸಣ್ಣಕರುಳಿನಲ್ಲಿ ಎಷ್ಟು ತೂತುಗಳಿವೆಯೆಂಬುದನ್ನು, ಅದನ್ನು ಮೊಳಮೊಳವಾಗಿ ಬೆರಳುಗಳ ನಡುವೆ ಜಾರಿಸುತ್ತ ಎಣಿಸಬೇಕು. ದೊಡ್ಡಕರುಳು ಒಡೆದು ಮಲ ಚೆಲ್ಲಿದ್ದರೆ ಅದನ್ನು ತೊಳೆಯಬೇಕು. ಎರಡು ಮೂರು ಗಂಟೆಗಳ ಕಾಲ ಹೀಗೆ ಸಾವಿನೊಡನೆ ಜಗ್ಗಾಟ ನಡೆದ ಮೇಲೆ ರಕ್ತ ನಿಲ್ಲುತ್ತದೆ, ಕರುಳು ಕೂಡುತ್ತದೆ, ನಾಡಿ ಒಂದು ಸ್ಥಿಮಿತಕ್ಕೆ ಬರುತ್ತದೆ. ಕೊಠಡಿಯಲ್ಲಿದ್ದವರೆಲ್ಲ ನಿಟ್ಟುಸಿರು ಬಿಟ್ಟು, ತೆರೆದ ಹೊಟ್ಟೆಯನ್ನು ಹೊಲಿದು ಮುಚ್ಚುವ ಸಿದ್ಧತೆಯಲ್ಲಿರುತ್ತಾರೆ. ಸರಿಯಾಗಿ ಆ ಹೊತ್ತಿನಲ್ಲಿಯೇ, ಕರುಳಿನ ಹಿಂದೆ, ಬೆನ್ನಿನ ಸ್ನಾಯುವಿಗೆ ಒರಗಿಕೊಂಡಿರುವ, ಪೆನ್ಸಿಲ್ಲಿಗಿಂತಲೂ ಸಣ್ಣದಾದ ಕೊಳವೆಯೊಂದು ಹರಿದು ಹನಿಹನಿಯಾಗಿ ಸೋರುತ್ತಿರಬಹುದು. ಅದು ರಕ್ತವನ್ನು ಚಿಮ್ಮಿಸುವುದಿಲ್ಲ, ದುರ್ವಾಸನೆ ಬೀರುವುದಿಲ್ಲ, ತಾನಾಗಿ ತನ್ನ ಇರವನ್ನು ಸಾರುವುದೇ ಇಲ್ಲ. ಅದನ್ನು ಕಾಣಬೇಕಾದರೆ ಅದು ಅಲ್ಲಿದೆಯೆಂದು ನೆನೆದು ಹುಡುಕಿಕೊಂಡು ಹೋಗಬೇಕು.

ಆ ಕೊಳವೆಯೇ ಮೂತ್ರನಾಳ. ಮೂತ್ರಪಿಂಡದಲ್ಲಿ ಸೋಸಿ ಬಂದ ಮೂತ್ರವನ್ನು ಮೂತ್ರಾಶಯಕ್ಕೆ ತಂದು ಸುರಿಯುವ, ಎಡಕ್ಕೊಂದು ಬಲಕ್ಕೊಂದರಂತಿರುವ ಕಾಲುವೆಗಳು ಇವು. ನಮ್ಮ ಹಿಂದಿನವರು ಇವುಗಳಿಗೆ ಇಟ್ಟ ಹೆಸರು ಗವೀನಿ. ಅಥರ್ವವೇದದ ಮೊದಲನೆಯ ಕಾಂಡದಲ್ಲಿ, ಕಟ್ಟಿಕೊಂಡ ಮೂತ್ರ ಬಿಡುಗಡೆಯಾಗಲೆಂದು ಹಾರೈಸುವ ಸೂಕ್ತವೊಂದರಲ್ಲಿ, ಈ ಪದ ದ್ವಿವಚನದಲ್ಲಿ ಬರುತ್ತದೆ. 14ನೆಯ ಶತಮಾನದಲ್ಲಿ ವಿಜಯನಗರದ ಅರಸರ ಆಶ್ರಯದಲ್ಲಿ ವೇದಗಳಿಗೆ ಭಾಷ್ಯವನ್ನು ರಚಿಸಿದ ಸಾಯಣಾಚಾರ್ಯರು, ಇವು ಎರಡು ಪಕ್ಕಗಳಲ್ಲಿದ್ದು ಮೂತ್ರವನ್ನು ಮೂತ್ರಾಶಯಕ್ಕೆ ಮುಟ್ಟಿಸುವ ನಾಡಿಗಳೆಂದು ಅರ್ಥ ಹೇಳಿದ್ದಾರೆ. ಮೂತ್ರವು ಕರುಳಿನಿಂದ ಹೊರಡುತ್ತದೆಯೆಂಬ ಅಂದಿನ ತಿಳಿವಳಿಕೆ ಸರಿಯಲ್ಲವೆಂಬುದು ನಿಜ. ಆದರೆ ನಾಳಗಳು ಎರಡು, ಪಕ್ಕಕ್ಕೊಂದು, ಮುಟ್ಟುವ ತಾಣ ಮೂತ್ರಾಶಯ ಎಂಬಷ್ಟು ಮಾತು ಇಂದಿಗೂ ತಿದ್ದಬೇಕಾಗಿಲ್ಲ.

ವಯಸ್ಕನ ಮೂತ್ರನಾಳದ ಉದ್ದ ಸುಮಾರು 25 ಸೆಂಟಿಮೀಟರು, ಎಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ದಪ್ಪ ಮೂರು ನಾಲ್ಕು ಮಿಲಿಮೀಟರು. ಇದು ಬರಿಯ ಕೊಳಾಯಿಯಲ್ಲ. ಇದರ ಗೋಡೆಯಲ್ಲಿ ಸ್ನಾಯುವಿದೆ. ನಿಮಿಷಕ್ಕೆ ಎರಡರಿಂದ ಆರು ಬಾರಿ ಮೇಲಿನಿಂದ ಕೆಳಕ್ಕೆ ಅಲೆಯಂತೆ ಸಂಕೋಚಗೊಳ್ಳುತ್ತ, ಮನುಷ್ಯ ನಿಂತಿರಲಿ ಮಲಗಿರಲಿ, ಮೂತ್ರವನ್ನು ಗುಟುಕು ಗುಟುಕಾಗಿ ಕೆಳಕ್ಕೆ ನೂಕುತ್ತದೆ. ಶಸ್ತ್ರವೈದ್ಯನು ಚಿಮುಟದಿಂದ ಮೆಲ್ಲನೆ ತಾಗಿಸಿದರೆ ಎರೆಹುಳುವಿನಂತೆ ಮುಲುಗುಟ್ಟುತ್ತದೆ. ಪಕ್ಕದಲ್ಲಿರುವ ರಕ್ತನಾಳಗಳ ನಡುವೆ ಮೂತ್ರನಾಳವನ್ನು ಗುರುತಿಸುವುದಕ್ಕೆ ಇದೇ ಹಳೆಯ ಗುರುತು.

ಇದರ ರಕ್ತಪೂರೈಕೆಯ ಕ್ರಮವನ್ನೂ ಒಂದಿಷ್ಟು ತಿಳಿಯದಿದ್ದರೆ ಮುಂದಿನ ಕಥೆ ಅರ್ಥವಾಗದು. ಕರುಳಿಗಿರುವಂತೆ ಇದಕ್ಕೆ ಸ್ವಂತದ ದೊಡ್ಡ ರಕ್ತನಾಳವಿಲ್ಲ. ದಾರಿಯುದ್ದಕ್ಕೂ ನೆರೆಹೊರೆಯ ರಕ್ತನಾಳಗಳಿಂದ ಒಂದೊಂದು ಸಣ್ಣ ಕವಲನ್ನು ಎರವಲು ಪಡೆದು ಬದುಕುವ ಅಂಗ ಇದು. ಮೇಲ್ಭಾಗಕ್ಕೆ ಆ ಕವಲುಗಳು ಒಳಮಗ್ಗುಲಿನಿಂದ ಬರುತ್ತವೆ. ಸೊಂಟದ ಗುಳಿಗೆ ಇಳಿದ ಮೇಲೆ ಹೊರಮಗ್ಗುಲಿನಿಂದ. ಬಂದ ರಕ್ತವೆಲ್ಲವೂ ನಾಳದ ಹೊರಪದರದ ಮೇಲೆ ಹೆಣೆದುಕೊಂಡ ಕೂದಲೆಳೆಯಂಥ ಜಾಲದಲ್ಲಿ ಮೇಲಕ್ಕೂ ಕೆಳಕ್ಕೂ ಹರಿಯುತ್ತದೆ. ಆ ಪದರವನ್ನು ಸುಲಿದರೆ ನಾಳ ಕಣ್ಣಿಗೆ ಅಚ್ಚುಕಟ್ಟಾಗಿ ಕಂಡೀತು. ಆದರೆ ನಾಲ್ಕು ದಿನಗಳಲ್ಲಿ ಸತ್ತುಹೋದೀತು.

ಪ್ರಕೃತಿಯು ಇಷ್ಟು ಸೂಕ್ಷ್ಮವಾದ ವಸ್ತುವನ್ನು ಬಲು ಜೋಪಾನವಾಗಿಯೇ ಇರಿಸಿದೆ. ಹಿಂದೆ ಬೆನ್ನೆಲುಬು ಮತ್ತು ದಪ್ಪ ಸ್ನಾಯು, ಮುಂದೆ ಕರುಳಿನ ರಾಶಿ, ಕೆಳಗೆ ಸೊಂಟದ ಎಲುಬಿನ ಬೋಗುಣಿ. ಬಿದ್ದರೆ, ಗುದ್ದು ತಿಂದರೆ ಇದಕ್ಕೆ ಪೆಟ್ಟಾಗುವುದು ತೀರ ಅಪೂರ್ವ. ಹೊರಗಿನ ಹೊಡೆತದಿಂದ ಮೂತ್ರನಾಳ ಹರಿದ ಪ್ರಸಂಗಗಳಲ್ಲಿ ಬಹುಪಾಲು ಗುಂಡಿನ ಕೆಲಸವೇ. ಹಾಗಿದ್ದೂ ಹೊಟ್ಟೆಗೆ ಗುಂಡು ತಾಗಿದ ನೂರು ಮಂದಿಯಲ್ಲಿ ಮೂತ್ರನಾಳಕ್ಕೆ ಗಾಯವಾಗಿರುವುದು ಎರಡರಿಂದ ಐದು ಮಂದಿಗೆ ಮಾತ್ರ. ಈ ಅಪೂರ್ವತೆಯೇ ಅಪಾಯ. ವರ್ಷಕ್ಕೊಮ್ಮೆ ಕಾಣುವ ಅತಿಥಿಯನ್ನು ಬಾಗಿಲಲ್ಲಿ ಗುರುತು ಹಿಡಿಯುವುದು ಯಾರಿಗೂ ಸುಲಭವಲ್ಲ. ಮೇಲಾಗಿ ಮೂತ್ರನಾಳಕ್ಕೆ ಒಂಟಿಯಾಗಿ ಗುಂಡು ತಾಗುವುದಿಲ್ಲವೆಂದೇ ಹೇಳಬಹುದು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಸಣ್ಣಕರುಳೋ ದೊಡ್ಡಕರುಳೋ ಸೊಂಟದ ದೊಡ್ಡ ರಕ್ತನಾಳವೋ ಜೊತೆಗೆ ಹರಿದಿರುತ್ತದೆ. ಆ ಗದ್ದಲದಲ್ಲಿ ಈ ಮೌನಿಯ ಕಡೆಗೆ ನೋಡುವವರಾರು?

ಕರುಳಿನ ಹಿಂದಣ ಈ ಪ್ರದೇಶವನ್ನು ನೋಡದೆ ಬಿಡುವುದರಿಂದ ಏನಾಗುತ್ತದೆಂಬುದಕ್ಕೆ ಅಮೆರಿಕದ ಇತಿಹಾಸದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1901ರ ಸೆಪ್ಟೆಂಬರ್ 6ರಂದು ಬಫೆಲೊ ನಗರದ ದೊಡ್ಡ ವಸ್ತುಪ್ರದರ್ಶನದಲ್ಲಿ ಅಧ್ಯಕ್ಷ ವಿಲಿಯಂ ಮೆಕಿನ್ಲಿಯವರು ಜನರ ಕೈಕುಲುಕುತ್ತಿದ್ದಾಗ ಲಿಯಾನ್ ಚೋಲ್ಗಾಶ್ ಎಂಬುವನು ಅವರ ಮೇಲೆ ಎರಡು ಗುಂಡು ಹಾರಿಸಿದನು. ಒಂದು ಗುಂಡು ಜಠರವನ್ನು ಹಾಯ್ದು ಹಿಂದಕ್ಕೆ ಹೋಯಿತು. ಕೈಗೆ ಸಿಕ್ಕ ಶಸ್ತ್ರವೈದ್ಯರು ಡಾ. ಮ್ಯಾಥ್ಯೂ ಮ್ಯಾನ್, ಸ್ತ್ರೀರೋಗಗಳಲ್ಲಿ ಹೆಸರಾದವರು. ಪ್ರದರ್ಶನವು ರಾತ್ರಿಯ ಹೊತ್ತು ಸಾವಿರಾರು ವಿದ್ಯುದ್ದೀಪಗಳಿಂದ ಜಗಜಗಿಸುತ್ತಿದ್ದಿತು. ಆದರೆ ಅದರ ಪುಟ್ಟ ಆಸ್ಪತ್ರೆಯಲ್ಲಿ ಸಾಕಷ್ಟು ಬೆಳಕಿಲ್ಲದೆ, ಇಳಿಹೊತ್ತಿನ ಬಿಸಿಲನ್ನು ಕನ್ನಡಿಯಿಂದ ಗಾಯದೊಳಕ್ಕೆ ಹಾಯಿಸಬೇಕಾಯಿತು. ಜಠರದ ಮುಂದಿನ ತೂತನ್ನೂ ಹಿಂದಿನ ತೂತನ್ನೂ ಹೊಲಿದರು. ಗುಂಡು ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತೆಂಬುದು ಸಿಕ್ಕಲಿಲ್ಲ. ಹುಡುಕಾಟವನ್ನು ಅಲ್ಲಿಗೇ ಬಿಟ್ಟು ಹೊಟ್ಟೆಯನ್ನು ಮುಚ್ಚಿದರು. ಹೊಸದಾಗಿ ಬಂದಿದ್ದ ಕ್ಷಕಿರಣ ಯಂತ್ರವೊಂದು ಆ ಪ್ರದರ್ಶನದಲ್ಲಿಯೇ ಇದ್ದರೂ ಅದನ್ನು ಬಳಸಲಿಲ್ಲ. ಮೊದಲ ಕೆಲವು ದಿನ ಅಧ್ಯಕ್ಷರು ಚೇತರಿಸಿಕೊಳ್ಳುತ್ತಿರುವಂತೆಯೇ ಕಂಡಿತು; ಪತ್ರಿಕೆಗಳು ಶುಭವಾರ್ತೆಯನ್ನು ಅಚ್ಚು ಮಾಡಿದವು. ಸೆಪ್ಟೆಂಬರ್ 14ರ ಬೆಳಗಿನ ಜಾವ ಅವರು ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡಿನ ಹಾದಿಯುದ್ದಕ್ಕೂ ಕೊಳೆತಿರುವುದು ಕಂಡುಬಂತು. ಎಡ ಮೂತ್ರಪಿಂಡದ ಮೇಲ್ತುದಿಗೂ ಗಾಯವಾಗಿದ್ದಿತು. ಅವರ ಮೂತ್ರನಾಳಕ್ಕೆ ಏನೂ ಆಗಿರಲಿಲ್ಲವೆನ್ನಿ. ಆದರೂ ಮುಂದುಗಡೆಯದನ್ನು ಹೊಲಿದು ಹಿಂದುಗಡೆಯದನ್ನು ನೋಡದೆ ಬಿಟ್ಟ ಆ ಸಂಜೆಯ ಕಥೆ ಮೂತ್ರನಾಳದ ಕಥೆಗೆ ಸರಿಯಾದ ಪೀಠಿಕೆ. ಆ ವೈದ್ಯರನ್ನು ದೂಷಿಸುವುದಕ್ಕಿಂತ, ಕತ್ತಲಾಗುತ್ತಿದ್ದ ಕೊಠಡಿಯಲ್ಲಿ ದೇಶದ ಅಧ್ಯಕ್ಷನ ತೆರೆದ ಹೊಟ್ಟೆಯ ಮುಂದೆ ನಿಂತವರ ಮನಸ್ಥಿತಿಯನ್ನು ಊಹಿಸುವುದು ಹೆಚ್ಚು ನ್ಯಾಯ.

ಆ ಕಾಲಕ್ಕೆ ಹೊಟ್ಟೆಗೆ ಗುಂಡು ತಾಗಿದ ಯೋಧನನ್ನು ಕೊಯ್ಯದೆ ಬಿಡುವುದೇ ಮೇಲೆಂಬ ಮತ ಸೇನಾವೈದ್ಯರಲ್ಲಿ ಪ್ರಬಲವಾಗಿದ್ದಿತು. ರಷ್ಯಾ ಜಪಾನ್ ಯುದ್ಧದಲ್ಲಿ (1904-05) ವೆರಾ ಗೆದ್ರೋಯಿತ್ಸ್ ಎಂಬ ರಷ್ಯದ ವೈದ್ಯೆ ರೈಲುಗಾಡಿಯ ಡಬ್ಬಿಯನ್ನೇ ಶಸ್ತ್ರಾಲಯವನ್ನಾಗಿ ಮಾಡಿಕೊಂಡು, ಬೇಗನೆ ತಲುಪಿದ ಗಾಯಾಳುಗಳ ಹೊಟ್ಟೆಯನ್ನು ತೆರೆದು ಹೊಲಿದು ಬದುಕಿಸಿ ತೋರಿಸಿದಳು. ಪಶ್ಚಿಮದ ಸೇನೆಗಳು ಆ ಪಾಠವನ್ನು ಕಲಿಯಲು ಮೊದಲನೆಯ ಮಹಾಯುದ್ಧದವರೆಗೆ ಕಾಯಬೇಕಾಯಿತು. ಆ ಯುದ್ಧದಲ್ಲಿ ಹೊಟ್ಟೆಗೆ ಗಾಯವಾದ ಅಮೆರಿಕನ್ ಸೈನಿಕರಲ್ಲಿ ಅರ್ಧದಷ್ಟು ಮಂದಿ ಸತ್ತರು. ಎರಡನೆಯ ಮಹಾಯುದ್ಧದಲ್ಲಿ ಸುಮಾರು ಕಾಲು ಭಾಗ. ಹೆಲಿಕಾಪ್ಟರಿನಲ್ಲಿ ಒಂದೆರಡು ಗಂಟೆಗಳೊಳಗೆ ಆಸ್ಪತ್ರೆಗೆ ತಲುಪಿಸುತ್ತಿದ್ದ ವಿಯೆಟ್ನಾಮಿನ ಯುದ್ಧದಲ್ಲಿ ಹತ್ತರಲ್ಲಿ ಒಬ್ಬನಷ್ಟು. ರಕ್ತಸ್ರಾವದಿಂದ ಮೊದಲ ದಿನವೇ ಸಾಯುವವನ ಮೂತ್ರನಾಳದ ಗತಿಯನ್ನು ಯಾರೂ ಕೇಳುವುದಿಲ್ಲ. ಅವನು ಬದುಕಿದನೆಂದರೆ, ಐದನೆಯ ದಿನ ಆ ನಾಳ ತನ್ನ ಲೆಕ್ಕವನ್ನು ಒಪ್ಪಿಸಲು ಮುಂದೆ ಬರುತ್ತದೆ.

ಗುಂಡು ತಾಗಿದ ಕಡೆ ಮಾತ್ರ ಗಾಯವಾಗುತ್ತದೆಂದು ತಿಳಿಯುವುದು ಸಹಜ. ಅದು ಸರಿಯಲ್ಲ. ಸಾಮಾನ್ಯ ಪಿಸ್ತೂಲಿನ ಗುಂಡು ಸೆಕೆಂಡಿಗೆ 250ರಿಂದ 400 ಮೀಟರು ವೇಗದಲ್ಲಿ ಹೊರಡುತ್ತದೆ. ಸೈನ್ಯದ ರೈಫಲ್ಲಿನದು 700ರಿಂದ ಸಾವಿರದ ಹತ್ತಿರ. ವೇಗ ಎರಡರಷ್ಟಾದರೆ ಗುಂಡಿನ ಶಕ್ತಿ ನಾಲ್ಕರಷ್ಟಾಗುತ್ತದೆಂಬುದು ಪ್ರೌಢಶಾಲೆಯ ಭೌತಶಾಸ್ತ್ರ. ಅಂಥ ಗುಂಡು ಮಾಂಸದೊಳಗೆ ಹಾಯುವಾಗ ಸುತ್ತಲಿನ ಮಾಂಸವನ್ನು ಎಲ್ಲ ಕಡೆಗೂ ಒತ್ತರಿಸಿ, ಕ್ಷಣದ ಸಾವಿರದ ಕೆಲವೇ ಪಾಲಿನಷ್ಟು ಹೊತ್ತು, ತನಗಿಂತ ಹಲವು ಪಟ್ಟು ಅಗಲವಾದ ಪೊಳ್ಳನ್ನು ಉಂಟುಮಾಡುತ್ತದೆ. ಒಡನೆಯೇ ಆ ಪೊಳ್ಳು ಮುಚ್ಚಿಕೊಳ್ಳುತ್ತದೆ. ಕೆರೆಗೆ ಎಸೆದ ಕಲ್ಲು ಮುಳುಗಿದ ಮೇಲೂ ದಡದ ಹುಲ್ಲು ಅಲುಗುವಂತೆ, ಗುಂಡು ಮುಟ್ಟದೆ ಪಕ್ಕದಲ್ಲಿ ಹಾದುಹೋದ ಮೂತ್ರನಾಳವೂ ಈ ಹೊಡೆತಕ್ಕೆ ಸಿಕ್ಕುತ್ತದೆ. ಹೊರಗಿನಿಂದ ನೋಡಿದರೆ ಒಂದಿಷ್ಟು ಕಂದಿದಂತೆ ಕಾಣುತ್ತದೆ, ಅಷ್ಟೆ. ಆದರೆ ಹೊರಪದರದ ಕೂದಲೆಳೆಯ ರಕ್ತಜಾಲ ಹರಿದು ಹೆಪ್ಪುಗಟ್ಟಿರುತ್ತದೆ. 1970ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ನಾಳ ತುಂಡಾದ ಜಾಗದಿಂದ ಎರಡು ಸೆಂಟಿಮೀಟರು ಆಚೆಗೂ ಇಂಥ ಹಾನಿ ಸೂಕ್ಷ್ಮದರ್ಶಕದಲ್ಲಿ ಕಂಡುಬಂದಿತು. ಆ ಭಾಗ ಅಂದು ಎರೆಹುಳುವಿನಂತೆ ಅಲುಗುತ್ತಲೂ ಇರಬಹುದು! ಅಲುಗುತ್ತದೆಂದ ಮಾತ್ರಕ್ಕೆ ಬದುಕಿದೆಯೆಂದು ನಂಬುವಂತಿಲ್ಲ. ಕೆಲವು ದಿನಗಳಾದ ಮೇಲೆ ರಕ್ತವಿಲ್ಲದ ಆ ತುಣುಕು ಸತ್ತು ಬಿರಿಯುತ್ತದೆ. ಇಲ್ಲವೆ ವಾರಗಳ ಮೇಲೆ ಗಂಟಾಗಿ ಕುಗ್ಗಿ ದಾರಿಯನ್ನೇ ಮುಚ್ಚುತ್ತದೆ.

ಹಾಗಾದರೆ ಈ ಗಾಯವನ್ನು ಪತ್ತೆ ಮಾಡುವುದು ಹೇಗೆ? ಯಾರಿಗಾದರೂ ಹೊಳೆಯುವ ಉತ್ತರ, ಮೂತ್ರದಲ್ಲಿ ರಕ್ತವಿದೆಯೇ ಎಂದು ನೋಡುವುದು. ಇದ್ದರೆ ಸಂಶಯಪಡಬೇಕು, ನಿಜ. ಆದರೆ ಇಲ್ಲದಿದ್ದರೆ ನಿಶ್ಚಿಂತರಾಗುವಂತಿಲ್ಲ. ಮೂತ್ರನಾಳ ಹರಿದವರಲ್ಲಿ ನಾಲ್ವರಲ್ಲಿ ಒಬ್ಬನಿಗಾದರೂ, ಕೆಲವು ವರದಿಗಳಂತೆ ಅದಕ್ಕಿಂತ ಹೆಚ್ಚು ಮಂದಿಗೆ, ಮೂತ್ರ ನಿರ್ಮಲವಾಗಿಯೇ ಇರುತ್ತದೆ. ಕಾರಣ ಸರಳ. ನಾಳ ಪೂರ್ತಿಯಾಗಿ ತುಂಡಾಗಿದ್ದರೆ ಆ ಕಡೆಯ ರಕ್ತ ಮೂತ್ರಾಶಯಕ್ಕೆ ಬರುವ ದಾರಿಯೇ ಇಲ್ಲ. ಬರುವುದೆಲ್ಲ ಇನ್ನೊಂದು ಮೂತ್ರಪಿಂಡದ ತಿಳಿಯಾದ ಮೂತ್ರ. ಗಾಯ ದೊಡ್ಡದಾದಷ್ಟೂ ಸುಳಿವು ಕಡಿಮೆ!

ಆದಕಾರಣ ಅನುಭವಿಗಳು ನಂಬುವುದು ಗುಂಡಿನ ಹಾದಿಯನ್ನು. ಒಳಹೊಕ್ಕ ತೂತು ಎಲ್ಲಿ, ಹೊರಬಿದ್ದ ತೂತು ಎಲ್ಲಿ, ಹೊರಬೀಳದಿದ್ದರೆ ಗುಂಡು ಎಲ್ಲಿ ನಿಂತಿದೆ ಎಂಬುದನ್ನು ಮನಸ್ಸಿನಲ್ಲಿ ಗೆರೆ ಎಳೆದು ಕೂಡಿಸಿ, ಆ ಗೆರೆ ಮೂತ್ರನಾಳದ ಹತ್ತಿರ ಹಾಯುವುದಾದರೆ ಅದನ್ನು ಕಣ್ಣಾರೆ ಕಾಣದೆ ಹೊಟ್ಟೆಯನ್ನು ಮುಚ್ಚಬಾರದು. ದೊಡ್ಡಕರುಳನ್ನು ಅದರ ಹಾಸಿನಿಂದ ಎಬ್ಬಿಸಿ ನಡುವಿಗೆ ಸರಿಸಿದರೆ ಸ್ನಾಯುವಿನ ಮೇಲೆ ನಾಳ ಕಾಣುತ್ತದೆ. ಹರಿದಿರುವುದು ಗೊತ್ತಾಗದಿದ್ದರೆ ಮೆಥಿಲೀನ್ ಬ್ಲೂ ಅಥವಾ ಇಂಡಿಗೋ ಕಾರ್ಮೈನ್ ಎಂಬ ನೀಲಿ ಬಣ್ಣವನ್ನು ರಕ್ತನಾಳಕ್ಕೆ ಚುಚ್ಚಿ ಕಾಯುತ್ತಾರೆ. ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುವಾಗ ಬಿರುಕಿನ ಬಾಯಲ್ಲಿ ನೀಲಿ ಹನಿ ಒಸರುತ್ತದೆ. ಇಷ್ಟು ಯಂತ್ರಗಳು ಬಂದಿರುವ ಇಂದಿಗೂ, ಹೊಟ್ಟೆ ತೆರೆದಿರುವಾಗ ಇದಕ್ಕೆ ಮಿಗಿಲಾದ ಪರೀಕ್ಷೆಯಿಲ್ಲ.

ಹೊಟ್ಟೆಯನ್ನು ಕೊಯ್ಯದೆ ಮೂತ್ರದ ದಾರಿಯನ್ನು ಚಿತ್ರದಲ್ಲಿ ಕಾಣುವ ಉಪಾಯ ದೊರೆತದ್ದು ಒಂದು ವಿಚಿತ್ರ ಮಾರ್ಗದಿಂದ. ಜರ್ಮನಿಯಲ್ಲಿ ಹಸುಗಳ ಕೆಚ್ಚಲುಬಾವಿಗೆಂದು ಅಯೋಡಿನ್ ಸೇರಿದ ಔಷಧಿಯೊಂದನ್ನು ತಯಾರಿಸಿದ್ದರು. ಅಯೋಡಿನ್ ಕ್ಷಕಿರಣವನ್ನು ತಡೆಯುತ್ತದೆ. ಔಷಧಿಯು ಮೂತ್ರದ ಮೂಲಕ ಹೊರಹೋಗುತ್ತದೆ. ಈ ಎರಡು ಸಂಗತಿಗಳನ್ನು ಕೂಡಿಸಿ ನೋಡಿದವನು, ಕಲಿಯಲೆಂದು ಅಮೆರಿಕದಿಂದ ಬಂದಿದ್ದ ಮೋಸೆಸ್ ಸ್ವಿಕ್ ಎಂಬ ತರುಣ. ಅದರ ಸಂಬಂಧಿಗಳಾದ ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿ, 1929ರಲ್ಲಿ ಯುರೋಸೆಲೆಕ್ಟಾನ್ ಎಂಬುದನ್ನು ರಕ್ತನಾಳಕ್ಕೆ ಚುಚ್ಚಿ ಮೂತ್ರಪಿಂಡ, ಮೂತ್ರನಾಳಗಳ ನೆರಳನ್ನು ಹಾಳೆಯ ಮೇಲೆ ಮೂಡಿಸಿದನು. ಕೀರ್ತಿಯ ದೊಡ್ಡ ಪಾಲು ಬಹುಕಾಲ ಬರ್ಲಿನ್ನಿನ ಅವನ ಪ್ರಾಧ್ಯಾಪಕರ ಹೆಸರಿಗೇ ಸಂದಿತೆಂಬುದು ವಿದ್ಯಾಲೋಕದಲ್ಲಿ ಹೊಸ ಮಾತೇನಲ್ಲ.

ಇದೇ ವಿಧಾನದ ಅವಸರದ ರೂಪವನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಬಳಸುವುದುಂಟು. ದೇಹತೂಕದ ಕಿಲೋಗ್ರಾಮಿಗೆ ಎರಡು ಮಿಲಿಲೀಟರಿನಂತೆ ದ್ರವವನ್ನು ಚುಚ್ಚಿ, ಹತ್ತು ನಿಮಿಷ ಬಿಟ್ಟು ಒಂದೇ ಒಂದು ಚಿತ್ರ ತೆಗೆಯುತ್ತಾರೆ. ಆಚೆಯ ಮೂತ್ರಪಿಂಡ ಇದೆಯೇ, ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅದು ಸಾಕು. ಮೂತ್ರನಾಳದ ಬಿರುಕನ್ನು ಅದು ಎಷ್ಟೋ ಸಲ ತೋರಿಸುವುದೇ ಇಲ್ಲ. ರಕ್ತದ ಒತ್ತಡ ತೀರ ಇಳಿದವನಲ್ಲಿ ಮೂತ್ರವೇ ಇಳಿಯುವುದಿಲ್ಲವಾಗಿ ಚಿತ್ರ ಬರಿದಾಗಿಯೂ ಬರುತ್ತದೆ.

1971ರಲ್ಲಿ ಇಂಗ್ಲೆಂಡಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿದ ಮೇಲೆ ಈ ಕ್ಷೇತ್ರದ ಚಹರೆಯೇ ಬದಲಾಯಿತು. ನಾಡಿ ಸ್ಥಿರವಾಗಿರುವ ಗಾಯಾಳುವನ್ನು ಇಂದು ಮೊದಲು ಕೊಂಡೊಯ್ಯುವುದು ಸಿ.ಟಿ.ಗೆ. ಇಲ್ಲಿಯೂ ಒಂದು ಬಲೆಯಿದೆ. ದ್ರವವನ್ನು ಚುಚ್ಚಿದ ಒಂದೆರಡು ನಿಮಿಷಗಳಲ್ಲಿ ತೆಗೆದ ಚಿತ್ರದಲ್ಲಿ ರಕ್ತನಾಳಗಳೂ ಯಕೃತ್ತೂ ಗುಲ್ಮವೂ ಸೊಗಸಾಗಿ ಕಾಣುತ್ತವೆ. ಮೂತ್ರನಾಳಕ್ಕೆ ದ್ರವ ಆಗ ಇನ್ನೂ ಬಂದೇ ಇರುವುದಿಲ್ಲ. ಹತ್ತು ನಿಮಿಷ ಕಾದು ಎರಡನೆಯ ಬಾರಿ ಚಿತ್ರ ತೆಗೆದರೆ ಮಾತ್ರ ನಾಳದ ಹೊರಗೆ ಚೆಲ್ಲಿದ ದ್ರವ ಬೆಳ್ಳಗೆ ಕಂಡೀತು. ಗಾಯಾಳುವನ್ನು ಬೇಗ ಕೆಳಗಿಳಿಸುವ ಆತುರದಲ್ಲಿ ಆ ಹತ್ತು ನಿಮಿಷವನ್ನು ಉಳಿಸಹೋದವರು ಒಂದು ಮೂತ್ರಪಿಂಡವನ್ನು ತೆತ್ತ ಪ್ರಸಂಗಗಳುಂಟು. ಅಷ್ಟರಲ್ಲಿಯೂ ಸಂದೇಹ ತೀರದಿದ್ದರೆ ಮೂತ್ರಾಶಯದೊಳಗೆ ಸಿಸ್ಟೋಸ್ಕೋಪನ್ನು ಇಳಿಸಿ, ನಾಳದ ಕೆಳಬಾಯಿಯಿಂದ ದ್ರವವನ್ನು ಮೇಲಕ್ಕೆ ಹಾಯಿಸಿ ಚಿತ್ರ ತೆಗೆಯುತ್ತಾರೆ. 1906ರಿಂದ ನಡೆದುಬಂದಿರುವ ಈ ಪದ್ಧತಿಯ ಖಚಿತತೆಯನ್ನು ಯಾವುದೂ ಮೀರಿಲ್ಲ.

ಇವೆಲ್ಲವನ್ನೂ ತಪ್ಪಿಸಿಕೊಂಡ ಗಾಯ ಏನು ಮಾಡುತ್ತದೆ? ಮೊದಲ ಎರಡು ದಿನ ಏನನ್ನೂ ಮಾಡುವುದಿಲ್ಲ. ಆಮೇಲೆ ಸಣ್ಣ ಜ್ವರ, ಸೊಂಟದ ಪಕ್ಕದಲ್ಲಿ ನೋವು, ಹೊಟ್ಟೆ ಉಬ್ಬರ. ಹೊಲಿದ ಕರುಳು ಎಚ್ಚರಗೊಳ್ಳದೆ ಮಲಗಿಯೇ ಇರುತ್ತದೆ. ಇದೆಲ್ಲವನ್ನೂ ಕರುಳಿನ ಗಾಯದ ಲೆಕ್ಕಕ್ಕೇ ಬರೆಯುವುದು ಬಲು ಸುಲಭ. ಇನ್ನು ಕೆಲವರಲ್ಲಿ ಹೊಟ್ಟೆಗಿಟ್ಟ ರಬ್ಬರ್ ನಳಿಗೆಯಿಂದ ತಿಳಿಯಾದ ನೀರು ದಿನದಿನಕ್ಕೆ ಹೆಚ್ಚು ಹೆಚ್ಚಾಗಿ ಬರತೊಡಗುತ್ತದೆ. ಅದು ಗಾಯದ ನೀರೋ ಮೂತ್ರವೋ? ಇದನ್ನು ತಿಳಿಯಲು ದೊಡ್ಡ ಯಂತ್ರ ಬೇಕಾಗಿಲ್ಲ. ಆ ನೀರಿನ ಕ್ರಿಯಾಟಿನಿನ್ ಪ್ರಮಾಣವನ್ನೂ ರಕ್ತದ ಕ್ರಿಯಾಟಿನಿನ್ ಪ್ರಮಾಣವನ್ನೂ ಅಳೆದು ನೋಡಿದರೆ ಸಾಕು. ಎರಡೂ ಸಮನಾಗಿದ್ದರೆ ಗಾಯದ ನೀರು. ನೀರಿನಲ್ಲಿ ಹಲವು ಪಟ್ಟು ಹೆಚ್ಚಾಗಿದ್ದರೆ ಮೂತ್ರ. ಕೆಲವೊಮ್ಮೆ ಹೊಟ್ಟೆಯೊಳಗೆ ಚೆಲ್ಲಿದ ಮೂತ್ರವು ಮತ್ತೆ ರಕ್ತಕ್ಕೆ ಹೀರಲ್ಪಟ್ಟು ರಕ್ತದ ಯೂರಿಯಾ ಏರುತ್ತದೆ. ಆರೋಗ್ಯವಾಗಿಯೇ ಇರುವ ಮೂತ್ರಪಿಂಡಗಳು ಕೆಟ್ಟುಹೋದವೆಂಬ ಭ್ರಮೆಯೂ ಆಗುತ್ತದೆ. ಕಾಲ ಮೀರಿದರೆ ನಿಂತ ಮೂತ್ರ ಕೀವಾಗಿ, ನಂಜೇರಿ, ಮೂತ್ರಪಿಂಡವನ್ನೂ ಕಡೆಗೆ ಪ್ರಾಣವನ್ನೂ ಕೇಳುತ್ತದೆ.

ಸಕಾಲದಲ್ಲಿ ಕಂಡ ಗಾಯವನ್ನು ಕೂಡಿಸುವ ಕೆಲಸ ಹೊಲಿಗೆಗಿಂತ ಕಸಿಗೆ ಹತ್ತಿರ. ಮೊದಲು ಕಂದಿದ ಅಂಚನ್ನು ಕತ್ತರಿಸಿ ತೆಗೆಯಬೇಕು. ಎಷ್ಟು ಎಂದರೆ ಕೊಯ್ದ ಬಾಯಲ್ಲಿ ಕೆಂಪು ರಕ್ತ ಜಿನುಗುವವರೆಗೆ. ಇಲ್ಲಿ ಜಿಪುಣತನ ತೋರಿದವನು ಮುಂದೆ ಪಶ್ಚಾತ್ತಾಪ ಪಡುತ್ತಾನೆ. ಅನಂತರ ಎರಡು ತುದಿಗಳನ್ನೂ ಉದ್ದಕ್ಕೆ ಸೀಳಿ, ಕಸಿ ಕಟ್ಟುವವನು ಕೊಂಬೆಯನ್ನು ಓರೆಯಾಗಿ ಕೊಯ್ಯುವಂತೆ ಬಾಯಿಯನ್ನು ಅಗಲ ಮಾಡಿಕೊಳ್ಳಬೇಕು. ದುಂಡಗೆ ಕೂಡಿಸಿದ ಗಾಯ ಮಾಗುವಾಗ ಉಂಗುರದಂತೆ ಬಿಗಿಯುತ್ತದೆ. ಹೊಲಿಗೆಯ ದಾರ ಕೂದಲಿನಷ್ಟು ಸಣ್ಣದಾಗಿರಬೇಕು, ತಾನಾಗಿಯೇ ಕರಗುವಂಥದಾಗಿರಬೇಕು. ಕರಗದ ದಾರ ಮೂತ್ರದಲ್ಲಿ ನೆನೆದಿದ್ದರೆ ಅದರ ಸುತ್ತ ಕಲ್ಲು ಬೆಳೆಯುತ್ತದೆ. ಹೊಲಿಗೆಯಿಂದ ನೀರು ಹೊರಬೀಳಬಾರದು. ಎರಡು ತುದಿಗಳ ನಡುವೆ ಎಳೆತವಿರಬಾರದು. ಕೂಡಿಸಿದ ಜಾಗಕ್ಕೆ ವಪೆಯೆಂಬ ಕೊಬ್ಬಿನ ಪದರವನ್ನು ಸುತ್ತಿದರೆ, ಅದು ರಕ್ತವನ್ನು ತಂದುಕೊಡುವುದಲ್ಲದೆ ಪಕ್ಕದ ಕರುಳಿನ ಹೊಲಿಗೆಗೂ ಇದಕ್ಕೂ ನಡುವೆ ಗೋಡೆಯಾಗಿ ನಿಲ್ಲುತ್ತದೆ.

ಕತ್ತರಿಸಿದ ಮೇಲೆ ತುದಿಗಳು ಒಂದಕ್ಕೊಂದು ಎಟುಕದಿದ್ದರೆ? ಶಸ್ತ್ರವೈದ್ಯರ ಜಾಣ್ಮೆಯೆಲ್ಲ ಮೆರೆದಿರುವುದು ಈ ಪ್ರಶ್ನೆಯ ಉತ್ತರದಲ್ಲಿಯೇ. ಗಾಯ ಕೆಳಭಾಗದಲ್ಲಿದ್ದರೆ ನಾಳವನ್ನು ಮೂತ್ರಾಶಯಕ್ಕೆ ಬೇರೊಂದು ಕಡೆ ನೆಡುತ್ತಾರೆ. ಅದು ಎಟುಕದಿದ್ದರೆ ಮೂತ್ರಾಶಯವನ್ನೇ ಮೇಲಕ್ಕೆಳೆದು ಸೊಂಟದ ಸೋವಾಸ್ ಸ್ನಾಯುವಿಗೆ ಹೊಲಿದು ಹತ್ತಿರ ತರುತ್ತಾರೆ. ಇನ್ನೂ ಸಾಲದಾದರೆ ಮೂತ್ರಾಶಯದ ಗೋಡೆಯಿಂದ ಒಂದು ಪಟ್ಟಿಯನ್ನು ಕೊಯ್ದು, ಬುಡವನ್ನು ಬಿಡಿಸದೆ ಮೇಲಕ್ಕೆತ್ತಿ, ಕೊಳವೆಯಂತೆ ಸುತ್ತಿ ನಾಳಕ್ಕೆ ಕೂಡಿಸುತ್ತಾರೆ. ಇಟಲಿಯ ಅಕಿಲ್ಲೆ ಬೋವಾರಿ 1894ರಲ್ಲಿ ನಾಯಿಯ ಮೇಲೆ ಮಾಡಿ ತೋರಿಸಿದ ಈ ಉಪಾಯ ಹನ್ನೆರಡು ಸೆಂಟಿಮೀಟರಿಗೂ ಮಿಕ್ಕ ಕೊರತೆಯನ್ನು ತುಂಬಬಲ್ಲುದು. ನಡುಭಾಗದಲ್ಲಿ ಹೆಚ್ಚು ಉದ್ದ ನಷ್ಟವಾಗಿದ್ದರೆ ಒಂದು ಕಡೆಯ ನಾಳವನ್ನು ಬೆನ್ನೆಲುಬಿನ ಮುಂದೆ ದಾಟಿಸಿ ಇನ್ನೊಂದು ಕಡೆಯ ನಾಳಕ್ಕೆ ಕೂಡಿಸುವುದುಂಟು. ಕೆಟ್ಟುದನ್ನು ಉಳಿಸಲು ಒಳ್ಳೆಯದಕ್ಕೂ ಕತ್ತರಿ ಹಾಕಬೇಕಾದ ಈ ವಿಧಾನಕ್ಕೆ ಎಲ್ಲರೂ ಮನಸ್ಸು ಕೊಡುವುದಿಲ್ಲ. ಅವರ ಹಿಂಜರಿಕೆ ಸಕಾರಣವಾದುದು. ಸಣ್ಣಕರುಳಿನ ತುಂಡೊಂದನ್ನು ಮೂತ್ರನಾಳದ ಬದಲಿಗೆ ಇಡುವುದೂ ಇದೆ. ಎಲ್ಲಕ್ಕಿಂತ ಸಾಹಸದ್ದು 1963ರಲ್ಲಿ ಅಮೆರಿಕದ ಮಿಸಿಸಿಪಿಯ ಜಾಕ್ಸನ್ ನಗರದಿಂದ ವರದಿಯಾಯಿತು. ಮೂತ್ರನಾಳ ಮೇಲ್ಭಾಗದಲ್ಲಿಯೇ ಹಾಳಾಗಿದ್ದ ರೋಗಿಯ ಮೂತ್ರಪಿಂಡವನ್ನು ಡಾ. ಜೇಮ್ಸ್ ಹಾರ್ಡಿಯವರು ಅದರ ಸ್ಥಳದಿಂದ ಬಿಡಿಸಿ, ಅದೇ ದೇಹದ ಸೊಂಟದ ಗುಳಿಯಲ್ಲಿ ಮತ್ತೆ ನೆಟ್ಟರು. ಕಾಲುವೆ ಮೋಟಾಯಿತೆಂದು ಕೆರೆಯನ್ನೇ ಗದ್ದೆಯ ಬಳಿಗೆ ತಂದಂತೆ!

ಅದಕ್ಕೂ ನೂರು ವರ್ಷ ಹಿಂದೆ ಹೋದರೆ ಈ ಉಪಾಯಗಳು ಒಂದೂ ಇರಲಿಲ್ಲ. ಅಂಡಾಶಯದ ಗೆಡ್ಡೆಗಾಗಿ ಕೊಯ್ಸಿಕೊಂಡ ಮಾರ್ಗರೆಟಾ ಕ್ಲೆಬ್ ಎಂಬ ಹೆಂಗಸಿನ ಮೂತ್ರನಾಳಕ್ಕೆ ಶಸ್ತ್ರ ತಾಗಿ, ಹಗಲಿರುಳೂ ಮೂತ್ರ ಸೋರುತ್ತಿದ್ದಿತು. ಜರ್ಮನಿಯ ಹೈಡೆಲ್‌ಬರ್ಗಿನ ಗುಸ್ತಾವ್ ಸಿಮೋನ್ ಅವರು ಮಾಡಿದ ದುರಸ್ತಿಗಳೊಂದೂ ಫಲಿಸಲಿಲ್ಲ. ಮನುಷ್ಯರು ಒಂದೇ ಮೂತ್ರಪಿಂಡದಿಂದ ಬದುಕಬಲ್ಲರೇ ಎಂಬುದು ಅಂದಿಗೆ ಯಾರಿಗೂ ತಿಳಿಯದು. ನಾಯಿಗಳ ಮೇಲೆ ಮೊದಲು ಪರೀಕ್ಷಿಸಿ, 1869ರ ಆಗಸ್ಟ್ 2ರಂದು ಸಿಮೋನ್ ಆಕೆ ಬಳಲುತ್ತಿದ್ದ ಕಡೆಯ ಮೂತ್ರಪಿಂಡವನ್ನೇ ತೆಗೆದುಹಾಕಿದರು. ಆಕೆ ಬದುಕಿದಳು. ಬೇಕೆಂದೇ ಯೋಜಿಸಿ ಮೂತ್ರಪಿಂಡವನ್ನು ತೆಗೆದ ಮೊದಲ ಶಸ್ತ್ರಚಿಕಿತ್ಸೆಯೆಂದು ಇತಿಹಾಸ ಅದನ್ನು ಕೊಂಡಾಡುತ್ತದೆ. ಅದಕ್ಕೆ ಕಾರಣ ಒಂದು ಗೇಣುದ್ದದ ಕೊಳವೆಯೆಂಬುದನ್ನು ನೆನೆಯುವವರು ಕಡಿಮೆ. ಗುಂಡೇಟು ಅಪರೂಪವಾಗಿರುವ ನಮ್ಮ ಊರುಗಳ ಮಟ್ಟಿಗೆ ಆ ಹೆಂಗಸಿನ ಕಥೆಯೇ ಹೆಚ್ಚು ಹತ್ತಿರದ್ದು. ಮೂತ್ರನಾಳದ ಗಾಯಗಳಲ್ಲಿ ಹೆಚ್ಚಿನವು ಆಗುವುದು ರಣರಂಗದಲ್ಲಲ್ಲ, ಗರ್ಭಕೋಶವನ್ನು ತೆಗೆಯುವಂಥ ಶಸ್ತ್ರಚಿಕಿತ್ಸೆಗಳಲ್ಲಿ. ಗರ್ಭಕೋಶದ ರಕ್ತನಾಳದ ಅಡಿಯಲ್ಲಿ, ಸೇತುವೆಯ ಕೆಳಗೆ ನೀರು ಹರಿಯುವಂತೆ ಮೂತ್ರನಾಳ ಹಾಯುತ್ತದೆಂದು ವೈದ್ಯವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಇದಕ್ಕಾಗಿಯೇ. ಗುಂಡಿನಿಂದಾಗಲಿ ಕತ್ತರಿಯಿಂದಾಗಲಿ, ಹರಿದ ಮೇಲೆ ಕೂಡಿಸುವ ವಿದ್ಯೆ ಒಂದೇ.

ಕೆಲವು ಗಾಯಾಳುಗಳಿಗೆ ಆ ವಿದ್ಯೆಯನ್ನು ತೋರುವುದಕ್ಕೆ ಸಮಯವಿರುವುದಿಲ್ಲ. ದೇಹ ತಣ್ಣಗಾಗಿ, ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕಳೆದುಕೊಂಡು, ಇನ್ನರ್ಧ ಗಂಟೆ ಮೇಜಿನ ಮೇಲಿದ್ದರೆ ಪ್ರಾಣ ಹೋದೀತೆಂಬ ಸ್ಥಿತಿಯಲ್ಲಿ ನವುರಾದ ಹೊಲಿಗೆಗೆ ಕೂರುವುದು ಅವಿವೇಕ. ಆಗ ಹರಿದ ನಾಳದ ಮೇಲ್ತುದಿಯನ್ನು ಗಂಟು ಹಾಕಿ ಬಿಡುತ್ತಾರೆ; ಇಲ್ಲವೆ ಅದರೊಳಗೆ ಸಣ್ಣ ಕ್ಯಾಥಿಟರನ್ನು ತೂರಿಸಿ ಚರ್ಮದ ಹೊರಕ್ಕೆ ತರುತ್ತಾರೆ. ಗಂಟು ಹಾಕಿದ ಕಡೆ ಮೂತ್ರಪಿಂಡ ಉಬ್ಬದಂತೆ ಬೆನ್ನಿನ ಕಡೆಯಿಂದ ಸೂಜಿಯ ಮೂಲಕ ಅದಕ್ಕೇ ನಳಿಗೆಯಿಡಬಹುದು. ಒಂದೆರಡು ದಿನ ಕಳೆದು ಗಾಯಾಳು ಬಿಸಿಯಾದ ಮೇಲೆ ಮತ್ತೆ ತೆರೆದು ಸಾವಕಾಶವಾಗಿ ಕೂಡಿಸುತ್ತಾರೆ. ಗಾಯ ತಡವಾಗಿ, ವಾರ ಕಳೆದ ಮೇಲೆ ತಿಳಿದುಬಂದಾಗಲೂ ಹೀಗೆಯೇ. ಊದಿಕೊಂಡು ನಂಜೇರಿದ ಜಾಗದಲ್ಲಿ ಹೊಲಿಗೆ ನಿಲ್ಲದಾದ್ದರಿಂದ ನಳಿಗೆಯಿಟ್ಟು ವಾರಗಟ್ಟಲೆ, ಕೆಲವೊಮ್ಮೆ ಎರಡು ಮೂರು ತಿಂಗಳು ಕಾಯುತ್ತಾರೆ.

ಕೂಡಿಸಿದ ನಾಳದೊಳಗೆ ಒಂದು ಮೆತ್ತನೆಯ ಸಣ್ಣ ಕೊಳವೆಯನ್ನು ಬಿಟ್ಟಿರುವುದು ಇಂದಿನ ಸಾಮಾನ್ಯ ಕ್ರಮ. ಒಳಗೊಂದು ಆಧಾರವಿದ್ದರೆ ಮೂತ್ರನಾಳ ತನ್ನ ಗೋಡೆಯನ್ನು ತಾನೇ ಬೆಳೆಸಿಕೊಳ್ಳಬಲ್ಲುದೆಂಬುದನ್ನು ಅಮೆರಿಕದ ಡೇವಿಡ್ ಡೇವಿಸ್ 1943ರಲ್ಲಿ ತೋರಿಸಿದ್ದರು. ಆದರೆ ಒಳಗಿಟ್ಟ ಕೊಳವೆ ನಾಳದ ಅಲೆಗಳಿಗೆ ಸಿಕ್ಕಿ ಜಾರಿಹೋಗುತ್ತಿದ್ದಿತು. 1978ರಲ್ಲಿ ರಾಯ್ ಫಿನ್ನಿಯವರು ಅದರ ಎರಡು ತುದಿಗಳನ್ನೂ ಕೊಕ್ಕೆಯಂತೆ ಬಾಗಿಸಿ, ಒಂದನ್ನು ಮೂತ್ರಪಿಂಡದಲ್ಲಿಯೂ ಇನ್ನೊಂದನ್ನು ಮೂತ್ರಾಶಯದಲ್ಲಿಯೂ ತಂಗುವಂತೆ ಮಾಡಿದರು. ಇದೇ ಇಂದು ಡಿ.ಜೆ. ಸ್ಟೆಂಟ್ ಎಂದು ಎಲ್ಲ ಆಸ್ಪತ್ರೆಗಳಲ್ಲಿಯೂ ಪರಿಚಿತವಾಗಿರುವ ವಸ್ತು. ಮೂತ್ರದ ಕಲ್ಲು ತೆಗೆಸಿಕೊಂಡವರಲ್ಲಿ ಎಷ್ಟೋ ಮಂದಿ ಇದನ್ನು ಹೊತ್ತು ತಿರುಗಿದವರೇ. ಇದರ ದೊಡ್ಡ ತೊಡಕು, ರೋಗಿಗೆ ವಾಸಿಯಾದಂತೆ ಅನಿಸಿ ಅದು ಒಳಗಿದೆಯೆಂಬುದನ್ನೇ ಮರೆತುಬಿಡುವುದು. ವರ್ಷಗಟ್ಟಲೆ ಮರೆತ ಸ್ಟೆಂಟಿನ ಸುತ್ತ ಸುಣ್ಣ ಕಟ್ಟಿದಂತೆ ಕಲ್ಲು ಬೆಳೆದು, ಉಳಿಸಿದ ಮೂತ್ರಪಿಂಡವೇ ಮತ್ತೆ ಕೈಬಿಟ್ಟುದುಂಟು. ಆದುದರಿಂದ ಸ್ಟೆಂಟ್ ಇಟ್ಟವರ ಹೆಸರನ್ನು ಪುಸ್ತಕದಲ್ಲಿ ಬರೆದಿಟ್ಟು, ದಿನ ಮೀರಿದರೆ ಹೇಳಿಕಳುಹಿಸುವ ಪದ್ಧತಿ ಅನೇಕ ಆಸ್ಪತ್ರೆಗಳಲ್ಲಿದೆ.

ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಅದನ್ನು ತೆಗೆಯುವ ದಿನ ಬರುತ್ತದೆ. ಕೊಯ್ಯುವ ಕೆಲಸವಿಲ್ಲ. ಸಿಸ್ಟೋಸ್ಕೋಪನ್ನು ಇಳಿಸಿ, ಮೂತ್ರಾಶಯದಲ್ಲಿ ಕಾಣುವ ಕೊಕ್ಕೆಯನ್ನು ಚಿಮುಟದಿಂದ ಹಿಡಿದು ಮೆಲ್ಲನೆ ಎಳೆದರೆ, ನೆಟ್ಟಗಾಗಿ ಜಾರಿಕೊಂಡು ಬರುತ್ತದೆ. ಇನ್ನು ಕೆಲವು ವಾರಗಳ ಮೇಲೆ, ಅಂದಿನ ಗಾಯಾಳು ತನ್ನ ಕಾಲಿನ ಮೇಲೆಯೇ ನಡೆದುಬಂದು ಚಿತ್ರ ತೆಗೆಸಿಕೊಳ್ಳುತ್ತಾನೆ. ದ್ರವವನ್ನು ಚುಚ್ಚುತ್ತಾರೆ, ಹತ್ತು ನಿಮಿಷ ಕಾಯುತ್ತಾರೆ. ಮೂತ್ರಪಿಂಡದಿಂದ ಕೆಳಗಿಳಿದ ಬಿಳಿಯ ಗೆರೆ, ಕೂಡಿಸಿದ ಜಾಗದಲ್ಲಿ ತುಸು ಕಿರಿದಾಗಿ, ಅಲ್ಲಿ ತಡೆಯದೆ ಮುಂದೆ ಸಾಗಿ ಮೂತ್ರಾಶಯಕ್ಕೆ ಇಳಿದಿರುವುದು ಹಾಳೆಯ ಮೇಲೆ ಕಾಣುತ್ತದೆ.